ಘಟ್ಟದ ಬುಡದ ಊರುಗಳು: ಮಳೆ, ಕಾಡು, ಕಾಗದ

ಕೋಟೇಶ್ವರದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಮೂಡಕ್ಕೆ ತಿರುಗಿದರೆ ಬಿದ್ಕಲ್‌ಕಟ್ಟೆ, ಹಾಲಾಡಿ ದಾಟಿ ರಸ್ತೆ ಅಮಾಸೆಬೈಲಿನ ಕಡೆಗೆ ಹೋಗುತ್ತದೆ. ಮೊದಲು ಗದ್ದೆ ಬಯಲು, ಆಮೇಲೆ ಗೇರು ಹಾಡಿ, ಕೊನೆಗೆ ಘಟ್ಟದ ಕಾಡು. ಕಡಲಿಂದ ಘಟ್ಟದ ಬುಡಕ್ಕೆ ಹೆಚ್ಚೆಂದರೆ ನಲವತ್ತು–ಐವತ್ತು ಕಿಲೋಮೀಟರ್. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ಕೊಡಿ ಹಬ್ಬಕ್ಕೆ ಬಂದು ಕಬ್ಬಿನ ಕೊಡಿ ಕೊಂಡು ಹೋಗುವವರಲ್ಲಿ ಘಟ್ಟದ ಬುಡದ ಊರಿನವರೂ ಇರುತ್ತಾರೆ. ನೆಂಟಸ್ತನ, ವ್ಯಾಪಾರ, ಹರಕೆ ಎಲ್ಲವೂ ಎರಡೂ ಕಡೆಯನ್ನು ಬೆಸೆದಿವೆ. ಆದರೂ ಬದುಕಿನ ಸ್ಥಿತಿಗತಿಯಲ್ಲಿ ಇವೆರಡು ಬೇರೆ ಬೇರೆ ಸೀಮೆಗಳೇ.

ಈ ವ್ಯತ್ಯಾಸ ಸರ್ಕಾರಿ ಅಂಕಿಗಳಲ್ಲಿ ಕಾಣುವುದಿಲ್ಲ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಸಾಕ್ಷರತೆ ಶೇ. 86.24. ಮಾನವ ಅಭಿವೃದ್ಧಿಯ ಪಟ್ಟಿಯಲ್ಲಿ ಜಿಲ್ಲೆಗೆ ಮೇಲಿನ ಸಾಲಿನಲ್ಲೇ ಜಾಗ. ಜಿಲ್ಲೆಯ ಸರಾಸರಿ ಚೆನ್ನಾಗಿದ್ದಾಗ ಅದರೊಳಗಿನ ಹಿಂದುಳಿದ ಮೂಲೆಗಳಿಗೆ ‘ಹಿಂದುಳಿದ ತಾಲ್ಲೂಕು’ ಎಂಬ ಹಣೆಪಟ್ಟಿಯೂ ಸಿಗುವುದಿಲ್ಲ, ಅದರ ಜೊತೆಗೆ ಬರುವ ಅನುದಾನವೂ ಸಿಗುವುದಿಲ್ಲ.

ಇಷ್ಟು ಹತ್ತಿರದ ಊರುಗಳು ಇನ್ನೂ ಕುಗ್ರಾಮಗಳಾಗಿಯೇ ಏಕೆ ಉಳಿದಿವೆ? ಮೂರು ಕಾರಣಗಳಿವೆ: ಮಳೆ ಮತ್ತು ಹೊಳೆ, ಚದುರಿದ ಮನೆಗಳು, ಜಾಗದ ದಾಖಲೆ. ಮೊದಲೆರಡು ನೆಲದ ಗುಣದಿಂದ ಬಂದವು. ಮೂರನೆಯದು ಮನುಷ್ಯರೇ ಮಾಡಿಕೊಂಡದ್ದು. ಮೊದಲೆರಡಕ್ಕೆ ಪರಿಹಾರ ಸಿಗದಂತೆ ತಡೆದು ನಿಂತಿರುವುದೂ ಅದೇ.

ನೆಲ ಮತ್ತು ಜನ

ಕುಂದಾಪುರ, ಬೈಂದೂರು ತಾಲ್ಲೂಕುಗಳ ಕೊಲ್ಲೂರು, ಜಡ್ಕಲ್, ಮುದೂರು, ಹಳ್ಳಿಹೊಳೆ, ಯಡಮೊಗೆ, ಹೊಸಂಗಡಿ, ಮಚ್ಚಟ್ಟು, ಅಮಾಸೆಬೈಲು. ಅಲ್ಲಿಂದ ತೆಂಕಕ್ಕೆ ಹೆಬ್ರಿ ಕಡೆಯ ಮಡಾಮಕ್ಕಿ, ನಾಡ್ಪಾಲು, ಕಬ್ಬಿನಾಲೆ. 1,343 ಮೀಟರ್ ಎತ್ತರದ ಕೊಡಚಾದ್ರಿಯಿಂದ ಆಗುಂಬೆಯ ಘಾಟಿಯವರೆಗಿನ ಗೋಡೆಯ ಬುಡದಲ್ಲಿ ಈ ಊರುಗಳು ಸಾಲಾಗಿ ಬರುತ್ತವೆ. ಬ್ರಹ್ಮಾವರ ತಾಲ್ಲೂಕು ಬಹುಪಾಲು ಬಯಲೇ ಆದರೂ ಅದರ ಗದ್ದೆಗಳಿಗೆ ನೀರು ತರುವ ಸೀತಾನದಿ ಇಳಿದು ಬರುವುದು ಈ ಕಾಡುಗಳಿಂದಲೇ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ಅದೇ ಮೋಡ ಘಟ್ಟಕ್ಕೆ ಬಡಿಯುವ ಮೊದಲು ಈ ಊರುಗಳ ಮೇಲೂ ಸುರಿಯುತ್ತದೆ. ವಾರಾಹಿ, ಚಕ್ರಾ, ಸೌಪರ್ಣಿಕಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಬಳಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಇವುಗಳಿಗೆ ಕೂಡುವ ತೋಡು, ಹಳ್ಳಗಳಿಗೆ ಲೆಕ್ಕವಿಲ್ಲ.

ಇಲ್ಲಿ ಬಯಲುಸೀಮೆಯಂತೆ ಒತ್ತೊತ್ತಾಗಿ ಮನೆಗಳಿರುವ ಊರು ಇಲ್ಲ. ತೋಡಿನ ಬದಿಯಲ್ಲಿ ಅಡಕೆ ತೋಟ, ತೋಟದ ತಲೆಯಲ್ಲಿ ಒಂದು ಮನೆ, ಆಮೇಲೆ ಹಾಡಿ, ಮತ್ತೊಂದು ತೋಡು, ಮತ್ತೊಂದು ಮನೆ. ನೂರು ಮನೆಗಳ ಒಂದು ವಾರ್ಡಿಗೆ ರಸ್ತೆ, ಕರೆಂಟು, ನೀರು ಕೊಡಬೇಕೆಂದರೆ ಹತ್ತಾರು ಕಿಲೋಮೀಟರ್ ಓಡಾಡಬೇಕು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಸಾಮಾನ್ಯ ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯಗಳು ಮತ್ತು ಪರಿಶಿಷ್ಟ ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ವಾಸತಾಣಗಳನ್ನು ಗುರಿಯಾಗಿಟ್ಟುಕೊಂಡಿತ್ತು. ಇಪ್ಪತ್ತು ಮನೆಗಳ ಬೈಲು ಈ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ನಿಯಮ ಬರೆದವರಿಗೆ ಹಳ್ಳಿ ಎಂದರೆ ಬಯಲಿನ ಹಳ್ಳಿಯೇ ಕಣ್ಣಿಗೆ ಬಂದಿರಬೇಕು.

ಜನರಲ್ಲೂ ವೈವಿಧ್ಯವಿದೆ. ಬಂಟರು, ಬಿಲ್ಲವರು, ಬ್ರಾಹ್ಮಣರು, ಗೌಡರು ಅಲ್ಲದೆ ಮಲೆಕುಡಿಯರು, ಮರಾಠಿ ನಾಯ್ಕರು, ಹಸಲರು, ಕೊರಗರು, ಕುಡುಬಿಯರು ಇದ್ದಾರೆ. ಹೋಳಿಗೆ ಗುಮಟೆ ಬಾರಿಸುತ್ತ ಮನೆಮನೆಗೆ ಬರುವ ಕುಡುಬಿಯರು ಗೋವೆಯಿಂದ ಬಂದು ಇಲ್ಲಿನ ಕಾಡಂಚಿನಲ್ಲಿ ನೆಲೆನಿಂತವರು. ಜಡ್ಕಲ್, ಮುದೂರಿನ ಕಡೆ ಕಳೆದ ಶತಮಾನದಲ್ಲಿ ಕೇರಳದಿಂದ ಬಂದ ಕ್ರೈಸ್ತ ಕುಟುಂಬಗಳು ರಬ್ಬರ್ ತೋಟ ಎಬ್ಬಿಸಿವೆ. ಬೇಸಗೆಯಲ್ಲಿ ಮಾರಣಕಟ್ಟೆ, ಕಮಲಶಿಲೆ, ಮಂದಾರ್ತಿ ಯಕ್ಷಗಾನ ಮೇಳಗಳ ಹರಕೆಯಾಟ ನಡೆದರೆ ಇಡೀ ಬೈಲೇ ರಾತ್ರಿ ಸೇರುತ್ತದೆ. ಬದುಕಿನ ಸಂಭ್ರಮಕ್ಕೆ ಇಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಸೌಕರ್ಯಕ್ಕೆ.

ಕಾಲುಸಂಕ

ಮಳೆಗಾಲ ಹಿಡಿದರೆ ಈ ಊರುಗಳಲ್ಲಿ ಮೊದಲು ಕೇಳುವ ಮಾತು “ಹೊಳಿ ತುಂಬಿತ್, ದಾಂಟುಕಾತಿಲ್ಲೆ” ಎಂಬುದು. ಬೇಸಗೆಯಲ್ಲಿ ಕಾಲು ಅದ್ದಿ ದಾಟುವ ಹಳ್ಳ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರನ್ನು ಎರಡಾಗಿ ಸೀಳುತ್ತದೆ. ಆಗಿನ ಆಸರೆ ಕಾಲುಸಂಕ: ಎರಡು ದಂಡೆಗೆ ಅಡ್ಡಲಾಗಿ ಅಡಕೆಯ ಅಥವಾ ಕಾಡುಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ ಅಥವಾ ಹಗ್ಗ. ಮಳೆಗಾಲಕ್ಕೆ ಮೊದಲು ಮನೆಯವರೆಲ್ಲ ಸೇರಿ ಹೊಸದಾಗಿ ಹಾಕುತ್ತಾರೆ. ನೆರೆಗೆ ಕೊಚ್ಚಿ ಹೋದರೆ ಮತ್ತೆ ಹಾಕುತ್ತಾರೆ.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಇಂಥದೇ ಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಆಮೇಲೆ ಮಂತ್ರಿಗಳು ಬಂದರು, ಅಧಿಕಾರಿಗಳು ಬಂದರು, ಕಾಲುಸಂಕಗಳ ಪಟ್ಟಿ ತಯಾರಾಯಿತು. ಅದಕ್ಕೂ ಮೊದಲೇ ರಾಜ್ಯದಲ್ಲಿ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ಇತ್ತು. ಹಲವು ಕಡೆ ಕಾಂಕ್ರೀಟಿನ ಕಿರುಸೇತುವೆಗಳು ಆಗಿವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಬೇಡಿಕೆಗೆ ಹೋಲಿಸಿದರೆ ಆದದ್ದು ಸಾಲದು. ಒಂದು ಸಾವಿನ ನಂತರವೇ ಪಟ್ಟಿ ತಯಾರಾಗುವ ಕ್ರಮ ಬದಲಾಗಿಲ್ಲ.

ತಂತ್ರಜ್ಞಾನ ಇಲ್ಲವೆಂದಲ್ಲ. ಪಕ್ಕದ ಜಿಲ್ಲೆಯ ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದಂದಿನಿಂದ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ದೇಶದ ಕುಗ್ರಾಮಗಳಿಗೆ ಕಟ್ಟಿಕೊಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಂಕ್ರೀಟ್ ಸೇತುವೆಗೆ ತಗಲುವ ಖರ್ಚಿನ ಸಣ್ಣ ಪಾಲಿನಲ್ಲಿ, ಕೆಲವೇ ತಿಂಗಳಲ್ಲಿ ಕಾಲುದಾರಿಯ ಸೇತುವೆ ಸಾಧ್ಯ ಎಂದು ಅವರ ಕೆಲಸ ತೋರಿಸಿದೆ. ಬಹಳ ಕಡೆ ತೊಡಕು ಇರುವುದು ಸೇತುವೆಯ ಎರಡು ತುದಿಗಳಲ್ಲಿ. ಆ ಜಾಗ ಯಾರದು? ಅರಣ್ಯದ್ದೋ, ಕಂದಾಯದ್ದೋ, ಪಟ್ಟಾದಾರನದೋ? ಅದು ತೀರ್ಮಾನವಾಗದೆ ಟೆಂಡರ್ ಕರೆಯಲಾಗುವುದಿಲ್ಲ.

ಕರೆಂಟು, ಫೋನು, ಬಸ್ಸು

ಹೊಸಂಗಡಿಯಲ್ಲಿ ನೆಲದಡಿಯಲ್ಲಿ ವಾರಾಹಿ ವಿದ್ಯುದಾಗಾರವಿದೆ. ಘಟ್ಟದ ಮೇಲಿನ ಮಾಣಿ ಅಣೆಕಟ್ಟಿನ ನೀರು ಇಲ್ಲಿಗೆ ಧುಮುಕುತ್ತದೆ. 1989ರಲ್ಲಿ ಮೊದಲ ಘಟಕ ಶುರುವಾಗಿ, ಈಗ ಒಟ್ಟು 460 ಮೆಗಾವಾಟ್ ಸಾಮರ್ಥ್ಯ. ಆ ವಿದ್ಯುತ್ತು ಹೈಟೆನ್ಶನ್ ತಂತಿಯಲ್ಲಿ ನಾಡಿಗೆಲ್ಲ ಹೋದರೂ, ಅದೇ ತಂತಿಯ ಕೆಳಗಿನ ಕಾಡಂಚಿನ ಮನೆಗಳು ದಶಕಗಳ ಕಾಲ ಚಿಮಣಿ ಬುಡ್ಡಿಯಲ್ಲೇ ಇದ್ದವು. ಮನೆಗೆ ಕಂಬ ಹಾಕಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕಿತ್ತು.

ಈ ಕತ್ತಲೆಗೆ ಊರಿನೊಳಗಿಂದಲೇ ಒಂದು ಉತ್ತರ ಹುಟ್ಟಿತು. ಮೂರನೇ ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾಗಿದ್ದ, ಮಾಜಿ ಶಾಸಕ ಎ.ಜಿ. ಕೊಡ್ಗಿ ಅವರ ಮುಂದಾಳತ್ವದಲ್ಲಿ ಅಮಾಸೆಬೈಲಿನ ಟ್ರಸ್ಟ್ ಮನೆಮನೆಗೆ ಸೌರದೀಪ ಹಾಕಿಸಿತು; ಅಮಾಸೆಬೈಲು ‘ಸೋಲಾರ್ ಗ್ರಾಮ’ ಎಂದು ಹೆಸರಾಯಿತು. ಸರ್ಕಾರದ ಸಹಾಯಧನ, ಬ್ಯಾಂಕಿನ ಸಾಲ, ಮನೆಯವರ ಪಾಲು ಮೂರೂ ಸೇರಿದ್ದರಿಂದ ಆದ ಕೆಲಸ ಅದು. ಆದರೆ ನಾಲ್ಕು ತಿಂಗಳು ಸೂರ್ಯ ಸರಿಯಾಗಿ ಕಾಣದ ಸೀಮೆಯಲ್ಲಿ ಸೌರದೀಪವೊಂದೇ ಸಾಲದು. ದೀಪಕ್ಕೆ ಆಗಬಹುದು, ತೋಟದ ಪಂಪಿಗೆ, ಮಿಕ್ಸಿಗೆ ತಂತಿಯ ಕರೆಂಟೇ ಬೇಕು.

ವಾರಾಹಿಯ ನೀರಾವರಿ ಕತೆ ಇನ್ನೂ ನಿಧಾನದ್ದು. 1979ರಲ್ಲಿ 9.43 ಕೋಟಿ ರೂಪಾಯಿ ಅಂದಾಜಿನಲ್ಲಿ ಒಪ್ಪಿಗೆ ಪಡೆದ, 15,702 ಹೆಕ್ಟೇರಿಗೆ ನೀರುಣಿಸುವ ಯೋಜನೆಯ ಕಾಲುವೆಯಲ್ಲಿ ನೀರು ಹರಿದದ್ದು 2015ರಲ್ಲಿ. ಅಷ್ಟರಲ್ಲಿ ವೆಚ್ಚ ಹತ್ತಾರು ಪಟ್ಟು ಏರಿತ್ತು. ನೀರಿಗಾಗಿ ಕಾದ ಗದ್ದೆಗಳಲ್ಲಿ ಎಷ್ಟೋ ಆಗಲೇ ಹಡಿಲು (ಪಾಳು) ಬಿದ್ದಿದ್ದವು.

ಮೊಬೈಲಿನ ಕೊರತೆ ಏನೆಂದು ಎಲ್ಲರಿಗೂ ತಿಳಿದದ್ದು 2020ರ ಲಾಕ್‌ಡೌನ್‌ನಲ್ಲಿ. ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಕೊಡೆ ಹಿಡಿದು ಗುಡ್ಡದ ತಲೆಗೆ ಹೋಗಿ ಕೂತರು. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ನಂತರ ಹೊಸ ಟವರ್‌ಗಳು ಬಂದಿವೆ. ಆದರೆ ಟವರಿಗೂ ಕರೆಂಟು ಬೇಕು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದ ದಿನ, ಅಂದರೆ ಫೋನಿನ ಅಗತ್ಯ ಅತಿ ಹೆಚ್ಚಿರುವ ದಿನವೇ, ಬ್ಯಾಟರಿ ಮುಗಿದು ಟವರೂ ಸುಮ್ಮನಾಗುತ್ತದೆ.

ಕರಾವಳಿಯಲ್ಲಿ ಮೊದಲಿಂದಲೂ ಖಾಸಗಿ ಬಸ್ಸಿನದೇ ಕಾರುಬಾರು. 2023ರ ಜೂನ್ 11ರಂದು ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾಯಿತು. ಬೆಂಗಳೂರಿನ ಉದ್ಯೋಗಸ್ಥೆಗೆ ಅದು ದಿನವೂ ಉಳಿತಾಯ ತಂದರೆ, ಖಾಸಗಿ ಬಸ್ಸಷ್ಟೇ ಬರುವ ಬೈಲಿನ ಕೂಲಿಯ ಹೆಂಗಸು ಈಗಲೂ ಟಿಕೆಟ್ಟಿಗೆ ದುಡ್ಡು ಕೊಡುತ್ತಾಳೆ. ಯೋಜನೆ ತಪ್ಪಲ್ಲ. ಅದು ಇಲ್ಲಿಗೆ ಬರಬೇಕಾದರೆ ಮೊದಲು ಬಸ್ಸು ಬರಬೇಕು.

ತೋಟ, ಗದ್ದೆ, ಕಾಡುಪ್ರಾಣಿ

ಹಿಂದೆ ಕಾತಿ, ಸುಗ್ಗಿ ಎಂದು ಎರಡು ಬೆಳೆ ಭತ್ತ ತೆಗೆಯುತ್ತಿದ್ದ ಗದ್ದೆಗಳು ಇಂದು ಅಡಕೆ, ರಬ್ಬರ್ ತೋಟಗಳಾಗಿವೆ, ಇಲ್ಲವೇ ಹಡಿಲು ಬಿದ್ದಿವೆ. ನಾಟಿಗೆ, ಕೊಯ್ಲಿಗೆ ಆಳಿಲ್ಲ. ಸಣ್ಣ ಗದ್ದೆಗೆ ಯಂತ್ರ ಇಳಿಯುವುದಿಲ್ಲ. ಅಡಕೆಗೆ ಬೆಲೆ ಇದ್ದರೂ ಈ ಮಳೆಯಲ್ಲಿ ಅದನ್ನು ಉಳಿಸಿಕೊಳ್ಳುವುದೇ ಹೋರಾಟ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಒಂದೂವರೆ ತಿಂಗಳ ಒಳಗೆ ಮತ್ತೊಮ್ಮೆ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಎರಡನೇ ಸಲ ಹೊಡೆಯಲು ಬೇಕಾದ ನಾಲ್ಕು ದಿನದ ಬಿಸಿಲು ಎಷ್ಟೋ ವರ್ಷ ಸಿಗುವುದೇ ಇಲ್ಲ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮರ ಹತ್ತುವವರು ಕಡಿಮೆಯಾದ ಮೇಲೆ ಬಂದ ಕಾರ್ಬನ್ ಫೈಬರ್ ದೋಟಿ ಕೆಲವರ ತೋಟವನ್ನು ಉಳಿಸಿದೆ, ಆದರೆ ಅದರ ಬೆಲೆ ಸಣ್ಣ ಹಿಡುವಳಿದಾರನ ಕೈಗೆ ಎಟುಕುವಂಥದಲ್ಲ.

ಉಳಿದದ್ದಕ್ಕೆ ಮಂಗ, ಕಾಡುಹಂದಿ, ನವಿಲು, ಕಾಡುಕೋಣಗಳ ಕಾಟ. ತೆಂಗಿನಲ್ಲಿ ಬೊಂಡ ಬಲಿಯಲು ಮಂಗ ಬಿಡುವುದಿಲ್ಲ. ಪರಿಹಾರಕ್ಕೆ ಅರ್ಜಿ ಹಾಕುವ ವ್ಯವಸ್ಥೆ ಇದೆ, ಆದರೆ ಅರ್ಜಿಯ ಜೊತೆ ಪಹಣಿ ಲಗತ್ತಿಸಬೇಕು. ಪಹಣಿಯೇ ಇಲ್ಲದವನ ಬೆಳೆ ಹೋದರೆ ಅದು ಯಾರ ಲೆಕ್ಕಕ್ಕೂ ಇಲ್ಲ.

ಕಾಗದ

ಸಮಸ್ಯೆಯ ಗಂಟು ಇರುವುದು ಇಲ್ಲೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮದ್ರಾಸ್ ಸರ್ಕಾರ ಇಲ್ಲಿನ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿತು; ಕಾಡು ಕಡಿದು ಸುಟ್ಟು ಬಿತ್ತುತ್ತಿದ್ದವರು ಕಾಡಿನಲ್ಲೇ ಅತಿಕ್ರಮಣಕಾರರಾದರು. ಹಳೆಯ ವರ್ಗ ಜಾಗದವರಿಗೆ (ಪಟ್ಟಾ ಹಿಡುವಳಿದಾರರಿಗೆ) ಮಾತ್ರ ನೂರು ಗಜದ ಒಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ತರಗು, ಸೌದೆಯ ಕುಮ್ಕಿ ಸೌಲಭ್ಯ ಉಳಿಯಿತು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದರ ಫಲ ಉಳಿದೆಡೆಗಿಂತ ಹೆಚ್ಚು. ಆದರೆ ಗೇಣಿ ಚೀಟಿಯೂ ಇಲ್ಲದೆ ಕಾಡಂಚಿನಲ್ಲಿ ಕೂತಿದ್ದವರಿಗೆ ಅದು ತಲುಪಲಿಲ್ಲ.

1974ರಲ್ಲೇ ಮೂಕಾಂಬಿಕಾ ಮತ್ತು ಸೋಮೇಶ್ವರ ವನ್ಯಧಾಮಗಳು, 1987ರಲ್ಲಿ 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ ಬಂದವು. 2011ರಲ್ಲಿ ಎರಡೂ ವನ್ಯಧಾಮಗಳ ಗಡಿ ಹಿಗ್ಗಿತು. ಮೂಕಾಂಬಿಕಾ 370 ಚದರ ಕಿಲೋಮೀಟರ್, ಸೋಮೇಶ್ವರ 314 ಚದರ ಕಿಲೋಮೀಟರ್ ಆದವು. ಇದರ ಹೊರಗೆ, ಅರಣ್ಯವೆಂದು ಘೋಷಣೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ‘ಡೀಮ್ಡ್ ಫಾರೆಸ್ಟ್’ ಎಂಬ ಇನ್ನೊಂದು ತೂಗುಗತ್ತಿ. ರಾಜ್ಯದ ಡೀಮ್ಡ್ ಅರಣ್ಯವನ್ನು 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದ್ದು 2022ರಲ್ಲಿ.

ಪಶ್ಚಿಮ ಘಟ್ಟದ ರಕ್ಷಣೆಯ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ, ಕಸ್ತೂರಿರಂಗನ್ ವರದಿ 2013ರಲ್ಲಿ ಬಂದವು. ಎರಡನೆಯದು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. 2024ರ ಜುಲೈ 31ರಂದು ಕೇಂದ್ರ ಈ ಪ್ರದೇಶದ ಅಧಿಸೂಚನೆಯ ಆರನೇ ಕರಡು ಹೊರಡಿಸಿತು, ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಈ ಹಗ್ಗಜಗ್ಗಾಟದಲ್ಲಿ ಜನರಿಗೆ ತಲುಪಿದ್ದು ‘ಮನೆಗೆ ಮಾಡು ಹೊದೆಸಲೂ ಬಿಡುವುದಿಲ್ಲವಂತೆ’ ಎಂಬ ಗಾಳಿಮಾತು ಮಾತ್ರ. ಆ ವರದಿ ತಡೆಯ ಹೊರಟದ್ದು ಮುಖ್ಯವಾಗಿ ಗಣಿ, ಕಲ್ಲುಕೋರೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, ಭಾರಿ ಕಟ್ಟಡಗಳನ್ನು. ಅದನ್ನು ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ಕೂತು ಬಿಡಿಸಿ ಹೇಳುವ ಗೋಜಿಗೆ ಪರವಾದವರೂ ಹೋಗಲಿಲ್ಲ, ವಿರೋಧಿಗಳಿಗೆ ಬೇಕಾಗಿಯೂ ಇರಲಿಲ್ಲ. ಅರಣ್ಯ ಇಲಾಖೆಯೊಂದಿಗಿನ ಈ ಹಳೆಯ ತಿಕ್ಕಾಟವೇ 2022ರಲ್ಲಿ ‘ಕಾಂತಾರ’ ಸಿನಿಮಾಕ್ಕೆ ವಸ್ತುವಾಯಿತು. ಅದರ ನಿರ್ದೇಶಕ ರಿಷಬ್ ಶೆಟ್ಟಿ ಇದೇ ಘಟ್ಟದ ಬುಡದ ಕೆರಾಡಿಯವರು.

2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರಿಗೆ ಆದ ಅನ್ಯಾಯ ಸರಿಪಡಿಸಲೆಂದೇ ಬಂದದ್ದು. 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಇದ್ದರೆ ಪರಿಶಿಷ್ಟ ಪಂಗಡದವರಿಗೆ ಹಕ್ಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಸರಳವಾಗಿ ಹೇಳುವುದಾದರೆ 1930ರಿಂದ ಅಲ್ಲಿದ್ದರೆಂದು ತೋರಿಸಬೇಕು. ಮಲೆಕುಡಿಯ, ಮರಾಠಿ, ಹಸಲ, ಕೊರಗರು ಮೊದಲ ಸಾಲಿನಲ್ಲಿ ಬರುತ್ತಾರೆ. ಕುಡುಬಿಯರು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಲೇ ಇದ್ದರೂ ಇನ್ನೂ ಹಿಂದುಳಿದ ವರ್ಗದಲ್ಲೇ ಇದ್ದಾರೆ. ಓದು ಬರಹ ಇಲ್ಲದಿದ್ದ ಅಜ್ಜನ ಕಾಲದ ದಾಖಲೆಯನ್ನು ಮೊಮ್ಮಗ ಎಲ್ಲಿಂದ ತರಬೇಕು? ಕಂದಾಯ ಜಾಗದಲ್ಲಿ ಮನೆ ಕಟ್ಟಿದವರಿಗೆ ಭೂಕಂದಾಯ ಕಾಯ್ದೆಯ 94ಸಿ, ಸಾಗುವಳಿಗೆ ಅಕ್ರಮ–ಸಕ್ರಮದ ಅರ್ಜಿ ಇದೆ. ಆದರೆ ಅದೇ ಸರ್ವೆ ನಂಬರನ್ನು ಕಂದಾಯ ಇಲಾಖೆ ತನ್ನದೆಂದೂ ಅರಣ್ಯ ಇಲಾಖೆ ತನ್ನದೆಂದೂ ಹೇಳುವಾಗ ಕಡತ ಎರಡೂ ಮೇಜಿನ ನಡುವೆ ಕೂರುತ್ತದೆ. ಹಕ್ಕುಪತ್ರ ಇಲ್ಲದವನಿಗೆ ಬೆಳೆಸಾಲ, ಬೆಳೆವಿಮೆ, ವಸತಿ ಯೋಜನೆಯ ಮನೆ, ಕರೆಂಟಿನ ಮೀಟರು ಎಲ್ಲವೂ ತಡವಾಗುತ್ತವೆ.

ಮೈ ಮತ್ತು ಓದು

ಪ್ರಾಥಮಿಕ ಆರೋಗ್ಯ ಕೇಂದ್ರಗಳು ಇವೆ, 108 ಆಂಬುಲೆನ್ಸ್ ಇದೆ, ಕುಂದಾಪುರದಲ್ಲಿ ತಾಲ್ಲೂಕು ಆಸ್ಪತ್ರೆ, ಅದರಾಚೆ ಮಣಿಪಾಲ ಇವೆ. ಸಮಸ್ಯೆ ಮನೆಯಿಂದ ಆಂಬುಲೆನ್ಸ್ ನಿಲ್ಲುವ ರಸ್ತೆಯವರೆಗಿನದು. ಹೆರಿಗೆಯ ಹೆಣ್ಣುಮಗಳನ್ನು, ಹಾವು ಕಚ್ಚಿದವರನ್ನು ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ತರುವುದು ಇನ್ನೂ ನಿಂತಿಲ್ಲ. ದಿನ ತುಂಬುವ ಮೊದಲೇ ಬಸುರಿಯನ್ನು ಪೇಟೆಯ ನೆಂಟರ ಮನೆಗೆ ಕಳಿಸುವುದು ಜನರೇ ಕಂಡುಕೊಂಡ ಉಪಾಯ.

ಕಾಡಿನ ನಂಟಿನ ಕಾಯಿಲೆಯೆಂದರೆ ಮಂಗನ ಕಾಯಿಲೆ. 1957ರಲ್ಲಿ ಘಟ್ಟದ ಮೇಲಿನ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರನ್ನು ಬಲಿ ತೆಗೆದುಕೊಂಡಾಗ ಘಟ್ಟದ ಕೆಳಗೂ ಸತ್ತ ಮಂಗಗಳು ಸಿಕ್ಕವು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದು ನಿಂತಿದೆ. ಸೊಪ್ಪು, ತರಗು ತರಲು ಹಾಡಿಗೆ ಹೋಗುವವರಿಗೆ ಇಂದಿಗೂ ಮೈಗೆ ಹಚ್ಚುವ ಎಣ್ಣೆ, ಬಿಸಿನೀರ ಸ್ನಾನ, ಸತ್ತ ಮಂಗ ಕಂಡರೆ ತಕ್ಷಣ ತಿಳಿಸುವುದು, ಇಷ್ಟೇ ರಕ್ಷಣೆ.

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ರಸ್ತೆ ಇರುವ ಮನೆಯ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಹಳದಿ ವ್ಯಾನು ಕರೆದೊಯ್ಯುತ್ತದೆ. ಉಳಿಯುವುದು ವ್ಯಾನು ತಲುಪದ ಮನೆಗಳ ಮಕ್ಕಳು. ಅಂಥ ಶಾಲೆಯನ್ನು ಸಂಖ್ಯೆ ಸಾಲದೆಂದು ಪಕ್ಕದೂರಿನೊಂದಿಗೆ ವಿಲೀನ ಮಾಡಿದರೆ ಮಗುವಿಗೆ ದಾಟಬೇಕಾದ ಹಳ್ಳ ಇನ್ನೊಂದು ಹೆಚ್ಚುತ್ತದೆ.

ಊರು ಬಿಟ್ಟವರು, ಬಂದೂಕು ಹಿಡಿದವರು

ಉಡುಪಿ ಜಿಲ್ಲೆಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲು, ಬೇಕರಿಗಳಿಗೆ ಹೋಗುವುದು ಈ ಅಂಕಿಯ ಹಿಂದಿನ ದೊಡ್ಡ ಕಾರಣ. ಅವರು ಕಳಿಸುವ ಹಣದಿಂದ ಮನೆಗೆ ತಾರಸಿ ಬರುತ್ತದೆ. ತೋಟ ನೋಡುವವರು ಅರವತ್ತು ದಾಟಿದವರು, ಮತ್ತು ಹೆಂಗಸರು.

ಎರಡು ದಶಕ ಈ ಕಾಡಿನಲ್ಲಿ ನಕ್ಸಲರ ಓಡಾಟವೂ ಇತ್ತು. 2024ರ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ಮುಖಂಡ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಮುಖ್ಯಮಂತ್ರಿಯ ಎದುರು ಶರಣಾದರು. ಫೆಬ್ರವರಿ ಆರಂಭದಲ್ಲಿ ಮಚ್ಚಟ್ಟು ಗ್ರಾಮದ ತೊಂಬಟ್ಟಿನ ಮಹಿಳೆಯೊಬ್ಬರು ಉಡುಪಿಯಲ್ಲಿ ಶರಣಾದರು. ಜನ ಬಂದೂಕನ್ನು ಒಪ್ಪಲಿಲ್ಲ. ಹಾಗೆಂದು ಭೂಮಿ ಮತ್ತು ಕಾಡಿನ ಪ್ರಶ್ನೆ ಮುಗಿಯಿತೆಂದು ತಿಳಿಯಬಾರದು. ನಕ್ಸಲ್ ಭಯವಿದ್ದಾಗ ಈ ಊರುಗಳಿಗೆ ವಿಶೇಷ ಪ್ಯಾಕೇಜು, ರಸ್ತೆ ಎಂಬ ಮಾತಾದರೂ ಇತ್ತು. ಭಯ ಹೋದ ಮೇಲೆ ಆ ಗಮನವೂ ಹೋದರೆ ಅದು ಶಾಂತವಾಗಿದ್ದವರಿಗೆ ಮಾಡುವ ಮೋಸ.

ದಾರಿ ಇದೆ

ಕಾಡು ಉಳಿಯಬೇಕು. ಬಯಲಿನ ಬಾವಿಗಳಲ್ಲಿ ನೀರು ನಿಂತಿರುವುದು ಈ ಕಾಡಿನಿಂದಲೇ. ಅದನ್ನು ಇಲ್ಲಿಯವರೂ ಬಲ್ಲರು. ಆದರೆ ಕಾಡಿನ ಹೆಸರಿನಲ್ಲಿ ಒಂದು ಕಾಲುಸೇತುವೆಯನ್ನೋ ಕರೆಂಟ್ ಕಂಬವನ್ನೋ ತಡೆಹಿಡಿಯಬೇಕಾಗಿಲ್ಲ. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರವಾಣಿ ತಂತಿ, ಕುಡಿಯುವ ನೀರು, ಕಿರು ನೀರಾವರಿ, ರಸ್ತೆ ಸೇರಿ 13 ಬಗೆಯ ಸೌಕರ್ಯಕ್ಕೆ ಅರಣ್ಯಭೂಮಿ ಬಿಟ್ಟುಕೊಡಲು ಅವಕಾಶ ಕೊಡುತ್ತದೆ. ಒಂದೊಂದು ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಇಷ್ಟೇ ಷರತ್ತು. ವನ್ಯಧಾಮದ ಹೊರಗಿನ ಅರಣ್ಯದಲ್ಲಿ ಇದಕ್ಕೆ ದೆಹಲಿಗೆ ಹೋಗಬೇಕಿಲ್ಲ.

ಆಗಬೇಕಾದ ಕೆಲಸಗಳು ಮೂರು. ಅರಣ್ಯ ಮತ್ತು ಕಂದಾಯ ಇಲಾಖೆಗಳು ಜಂಟಿ ಸರ್ವೆ ಮಾಡಿ ಗಡಿಯನ್ನು ಗ್ರಾಮಸಭೆಯ ಮುಂದೆ ಗುರುತಿಸಬೇಕು. ರಸ್ತೆ, ಬಸ್ಸು, ಶಾಲೆಗಳ ನಿಯಮದಲ್ಲಿ ಜನಸಂಖ್ಯೆಯ ಬದಲು ಚದುರಿದ ಮನೆಗಳಿಗೂ ಹೊಂದುವ ಅಳತೆ ಬರಬೇಕು. 75 ವರ್ಷದ ಸಾಕ್ಷ್ಯಕ್ಕೆ ಹಿರಿಯರ ಹೇಳಿಕೆ, ಹಳೆ ಮನೆಯ ಅಡಿಪಾಯ, ತೋಟದ ಮರಗಳನ್ನು ಒಪ್ಪಬೇಕು. ಕಾಯ್ದೆಯ ನಿಯಮಗಳಲ್ಲಿ ಹಿರಿಯರ ಹೇಳಿಕೆಗೂ ನೆಲದ ಮೇಲಿನ ಕುರುಹಿಗೂ ಈಗಾಗಲೇ ಜಾಗವಿದೆ.

ಮೊದಲ ಹೆಜ್ಜೆ ಮಾತ್ರ ಊರಿನವರದೇ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಊರಿನ ಪ್ರತಿ ಕಾಲುಸಂಕದ ಹೆಸರು, ಅದನ್ನು ದಾಟುವ ಮನೆಗಳ ಸಂಖ್ಯೆ ಬರೆದುಕೊಂಡು 3(2)ನೇ ಕಲಮಿನ ಅಡಿಯಲ್ಲಿ ನಿರ್ಣಯ ಮಾಡಿಸಿ, ಅದರ ನಕಲು ಇಟ್ಟುಕೊಳ್ಳಿ. ಇನ್ನೊಂದು ಮಗು ಜಾರಿ ಬೀಳುವ ಮೊದಲು ಆಗಬೇಕಾದ ಕೆಲಸ ಇದು.